ಮನೆಯ ವಿದ್ಯುತ್ತು, ಹಿತ್ತಿಲ ಮಣ್ಣು

ಸಂಸಾರದಲ್ಲಿ ಕೆಲವು ಕೆಲಸಗಳು ಎಷ್ಟು ಚಿಕ್ಕವೆಂದರೆ, ಅವಕ್ಕಾಗಿ ಕೆಲಸಗಾರನನ್ನು ಕರೆಸುವುದೇ ಕಷ್ಟ. ಕರೆದರೂ ಅವನು ಬರುವುದಿಲ್ಲ. ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಸಡಿಲವಾಗಿದೆ. ಬಚ್ಚಲುಮನೆಯ ದೀಪದ ಹೋಲ್ಡರು ಕರಿಕಾಗಿದೆ. ನಡುಮನೆಯ ಫ್ಯಾನು ಯುಗಾದಿಯಿಂದೀಚೆಗೆ ಬಹು ನಿಧಾನವಾಗಿ ಸುತ್ತುತ್ತಿದೆ. ಹಿತ್ತಿಲಲ್ಲಿ ಬದನೆಯ ಮಡಿಗೆ ನೀರು ಹಾಯಿಸಬೇಕು. ಪಂಪು ಹೊತ್ತಿಗೆ ಸರಿಯಾಗಿ ಮುಷ್ಕರ ಹೂಡಿದೆ. ತಂತಿಯ ಕಡೆಗೆ ಬಾಗಿದ ನುಗ್ಗೆಯ ಕೊಂಬೆಯನ್ನು ಕಡಿಯಬೇಕು. ಭಾನುವಾರ ಬೆಳಗ್ಗೆ ಇವೆಲ್ಲವೂ ಸೇರಿ, ಹೈಸ್ಕೂಲಿನಲ್ಲೋ ಕಾಲೇಜಿನಲ್ಲೋ ವಿಜ್ಞಾನ ಓದುತ್ತಿರುವ ಮಗನ ಅಥವಾ ಮಗಳ ಪಾಲಿಗೆ ಬರುತ್ತವೆ. 'ಓಮನ ನಿಯಮ ಓದಿದ್ದೀಯಲ್ಲಪ್ಪ, ಇದನ್ನಿಷ್ಟು ನೋಡು' ಎಂದು ಹಿರಿಯರು ಹೇಳುವುದುಂಟು.

ಹಿರಿಯರ ಮಾತು ನಿಜವಾಗಿ ಅಷ್ಟೇನೂ ತಪ್ಪಲ್ಲ. ಮನೆಯ ವಿದ್ಯುತ್ತಿನ ಚಿಕ್ಕಪುಟ್ಟ ದುರಸ್ತಿಗಳನ್ನು ತಿಳಿದು ಮಾಡುವುದಕ್ಕೆ ಓಮನ ನಿಯಮವೂ, ಪ್ರವಾಹದಿಂದ ಶಾಖ ಹುಟ್ಟುವುದನ್ನು ತಿಳಿಸುವ ಜೂಲನ ನಿಯಮವೂ ಬಹುಮಟ್ಟಿಗೆ ಸಾಕು. ಆದರೆ ಅವುಗಳನ್ನು ಪರೀಕ್ಷೆಯ ಲೆಕ್ಕಗಳಿಗೆ ಮಾತ್ರವಲ್ಲದೆ, ನಮ್ಮ ಕೈ, ನಮ್ಮ ಕಾಲು, ನಾವು ನಿಂತ ನೆಲ ಇವುಗಳಿಗೂ ಅನ್ವಯಿಸಿ ನೋಡಬೇಕು. ಈ ಲೇಖನದಲ್ಲಿ ನಾವು ಮಾಡಹೊರಟಿರುವುದು ಅಷ್ಟೇ. ಮನೆಯೊಳಗಣ ತಂತಿಯ ಕೆಲಸವನ್ನೂ ಹಿತ್ತಿಲ ಕೆಲಸವನ್ನೂ ಒಟ್ಟಿಗೆ ತೆಗೆದುಕೊಂಡುದಕ್ಕೆ ಕಾರಣವಿದೆ. ಅದು ಮುಂದೆ ತಾನಾಗಿ ತಿಳಿಯುತ್ತದೆ.

ಮೊದಲು ಕಾನೂನಿನ ಮಾತು. ಮನೆಯವರೇ ಯಾವ ಕೆಲಸಕ್ಕೆ ಕೈಹಾಕಬಹುದು, ಯಾವುದಕ್ಕೆ ಕೂಡದು ಎಂಬ ಗೆರೆಯನ್ನು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 45ನೆಯದು ಎಳೆದಿತ್ತು. ದೀಪ, ಫ್ಯಾನು, ಫ್ಯೂಸು, ಸ್ವಿಚ್ಚು, ಗೃಹೋಪಯೋಗಿ ಉಪಕರಣಗಳು ಇವನ್ನು, ಏರ್ಪಾಟಿನ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದಂತೆ, ಒಂದರ ಸ್ಥಾನದಲ್ಲಿ ಅಂತಹುದೇ ಇನ್ನೊಂದನ್ನಿಟ್ಟು ಸರಿಪಡಿಸಿಕೊಳ್ಳಬಹುದು. ಹೊಸ ತಂತಿ ಎಳೆಯುವುದು, ಇದ್ದುದನ್ನು ವಿಸ್ತರಿಸುವುದು ಮುಂತಾದ ಮಿಕ್ಕೆಲ್ಲವೂ ಪರವಾನಗಿ ಪಡೆದ ಕೆಲಸಗಾರರಿಗೆ ಸೇರಿದುದು. ಅನಂತರ ಆ ನಿಯಮಗಳ ಸ್ಥಾನಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಾವಳಿ ಬಂದಾಗಲೂ ಈ ಗೆರೆ ಉಳಿದುಕೊಂಡಿತು. ಗೆರೆ ಎಳೆದವರು ಬುದ್ಧಿವಂತರೆಂದು ನಮ್ಮ ಅಭಿಪ್ರಾಯ.

ಮಣ್ಣೂ ಒಂದು ತಂತಿ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಹೊತ್ತಿದುವು. ಅಂದಿನಿಂದ ಇಂದಿನವರೆಗೆ ಶಾಲೆಯ ಮಕ್ಕಳು ಕೇಳುತ್ತ ಬಂದಿರುವ ಪ್ರಶ್ನೆಯೊಂದುಂಟು: ತಂತಿಯ ಮೇಲೆ ಕುಳಿತ ಕಾಗೆಗೆ ಏನೂ ಆಗುವುದಿಲ್ಲ, ಅದೇ ತಂತಿಯನ್ನು ನೆಲದ ಮೇಲೆ ನಿಂತ ಮನುಷ್ಯ ಮುಟ್ಟಿದರೆ ಸಾಯುತ್ತಾನೆ, ಏಕೆ? ಕಾಗೆಯ ಎರಡು ಕಾಲುಗಳೂ ಒಂದೇ ತಂತಿಯ ಮೇಲಿರುವುದರಿಂದ ಅವುಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಮೆ. ಪ್ರವಾಹ ಕಾಗೆಯ ಮೂಲಕ ಹರಿಯಬೇಕಾದ ಕಾರಣವಿಲ್ಲ ಎಂಬ ಉತ್ತರ ಎಲ್ಲರಿಗೂ ಗೊತ್ತು. ಆದರೆ ಉತ್ತರದ ಇನ್ನರ್ಧವನ್ನು ಕೇಳುವವರು ವಿರಳ. ಮನುಷ್ಯನೂ ಮುಟ್ಟಿದ್ದು ಒಂದೇ ತಂತಿಯನ್ನಷ್ಟೆ? ಎರಡನೆಯ ತಂತಿ ಎಲ್ಲಿಂದ ಬಂತು?

ಎರಡನೆಯ ತಂತಿ ನೆಲವೇ. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರು ಸಾಮಾನ್ಯವಾಗಿ 11,000 ವೋಲ್ಟಿನ ವಿದ್ಯುತ್ತನ್ನು ಇಳಿಸಿ ಮನೆಗೆ 230 ವೋಲ್ಟಿನಲ್ಲಿ ಕಳುಹಿಸುತ್ತದೆ. ಅಲ್ಲಿಂದ ಮನೆಗೆ ಬರುವ ತಂತಿಗಳಲ್ಲಿ ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಆ ನ್ಯೂಟ್ರಲನ್ನು ಉದ್ದೇಶಪೂರ್ವಕವಾಗಿಯೇ ನೆಲಕ್ಕೆ ಜೋಡಿಸಿರುತ್ತಾರೆ. ಆದಕಾರಣ ಫೇಸ್ ತಂತಿಗೂ ನಮ್ಮ ಹಿತ್ತಿಲ ಮಣ್ಣಿಗೂ ನಡುವೆ ಸದಾ 230 ವೋಲ್ಟು ಇದ್ದೇ ಇರುತ್ತದೆ. ಬದನೆಯ ಮಡಿಯಲ್ಲಿ ಬರಿಗಾಲಲ್ಲಿ ನಿಂತವನು ತನಗರಿವಿಲ್ಲದೆಯೇ ಒಂದು ತಂತಿಯನ್ನು ಮೆಟ್ಟಿಕೊಂಡು ನಿಂತಿದ್ದಾನೆ. ಅವನ ಕೈ ಫೇಸನ್ನು ತಾಕಿದರೆ ಮಂಡಲ ಪೂರ್ಣವಾಗುತ್ತದೆ.

ಹಾಗಿದ್ದರೆ ನ್ಯೂಟ್ರಲನ್ನು ನೆಲಕ್ಕೆ ಸೇರಿಸುವುದೇಕೆ? ಎರಡೂ ತಂತಿಗಳನ್ನು ನೆಲದ ಸೋಂಕಿಲ್ಲದೆ ಬಿಟ್ಟಿದ್ದರೆ ಒಂದನ್ನು ಮುಟ್ಟಿದವನಿಗೆ ಅಪಾಯವಿರುತ್ತಿರಲಿಲ್ಲವಲ್ಲ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಆದರೆ ಗಾಳಿಮಳೆಯ ರಾತ್ರಿ 11,000 ವೋಲ್ಟಿನ ತಂತಿ ತುಂಡಾಗಿ ಕೆಳಗಿನ ತಂತಿಯ ಮೇಲೆ ಬಿತ್ತೆಂದು ಭಾವಿಸಿ. ನೆಲದ ಹಿಡಿತವಿಲ್ಲದಿದ್ದರೆ ಊರಿನ ಪ್ರತಿಯೊಂದು ಮನೆಯ ಪ್ರತಿಯೊಂದು ಸ್ವಿಚ್ಚೂ ಆ ವೋಲ್ಟೇಜಿಗೆ ಏರಿಬಿಡುತ್ತದೆ. ನೆಲಕ್ಕೆ ಜೋಡಿಸಿದ್ದರೆ ಅಪಾರ ಪ್ರವಾಹ ಭೂಮಿಗೆ ಹರಿದು, ಉಪಕೇಂದ್ರದಲ್ಲಿರುವ ರಕ್ಷಣಾ ಸಾಧನ ಮಾರ್ಗವನ್ನು ಕಡಿದುಹಾಕುತ್ತದೆ. ಅಲ್ಲದೆ, ಮೈಲಿಗಟ್ಟಲೆ ಹಬ್ಬಿದ ತಂತಿಗಳಲ್ಲಿ ಎಲ್ಲಾದರೊಂದು ಕಡೆ ಒಂದು ಕೊಂಬೆ ತಗಲಿಯೇ ಇರುತ್ತದೆ. 'ನೆಲದ ಸೋಂಕಿಲ್ಲ' ಎಂಬ ಸ್ಥಿತಿ ಒಂದು ದಿನವೂ ನಿಲ್ಲುವುದಿಲ್ಲ. ದೊಡ್ಡ ಅಪಾಯವನ್ನು ತಪ್ಪಿಸಲು ಒಂದು ಚಿಕ್ಕ ಅಪಾಯವನ್ನು ನಾವು ಒಪ್ಪಿಕೊಂಡಿದ್ದೇವೆ.

ದೇಹಕ್ಕೆ ಎಷ್ಟು ಪ್ರವಾಹ?

ಕೊಲ್ಲುವುದು ವೋಲ್ಟೇಜಲ್ಲ, ಪ್ರವಾಹ ಎಂಬ ಮಾತನ್ನು ಆಗಾಗ್ಗೆ ಕೇಳುತ್ತೇವೆ. ಪ್ರವಾಹವನ್ನು ಹರಿಸುವುದು ವೋಲ್ಟೇಜೇ ಆದ್ದರಿಂದ ಈ ಮಾತು ಅರ್ಧ ಸತ್ಯ. ಆದರೂ ಎಷ್ಟು ಪ್ರವಾಹಕ್ಕೆ ಏನಾಗುತ್ತದೆಂಬುದು ತಿಳಿದಿರಬೇಕು. ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಡಾಲ್ಜಿಯೆಲ್ ಎಂಬ ಪ್ರಾಧ್ಯಾಪಕರು ಕಳೆದ ಶತಮಾನದ ನಡುವಿನಲ್ಲಿ ಇದನ್ನು ಸ್ವಇಚ್ಛೆಯಿಂದ ಮುಂದೆ ಬಂದ ಜನರ ಮೇಲೆಯೇ ಪರೀಕ್ಷಿಸಿದರು. ಒಂದು ಮಿಲಿ ಆಂಪೇರ್, ಎಂದರೆ ಆಂಪೇರಿನ ಸಾವಿರದಲ್ಲೊಂದು ಭಾಗ, ಹರಿದರೆ ಚುರುಗುಟ್ಟಿದಂತಾಗುತ್ತದೆ. ಅದು ಹತ್ತು ಹದಿನಾರು ಮಿಲಿ ಆಂಪೇರಿಗೆ ಏರಿದರೆ ಮುಂಗೈಯ ಸ್ನಾಯುಗಳು ಬಿಗಿದು, ಹಿಡಿದ ತಂತಿಯನ್ನು ಬಿಡುವುದೇ ಅಸಾಧ್ಯವಾಗುತ್ತದೆ. ಡಾಲ್ಜಿಯೆಲರಿಗೆ ದೊರೆತ ಸರಾಸರಿ, ಗಂಡಸರಲ್ಲಿ 16, ಹೆಂಗಸರಲ್ಲಿ ಹತ್ತೂವರೆ. 'ಕರೆಂಟು ಹಿಡಿದುಕೊಂಡಿತು' ಎಂದು ನಮ್ಮ ಜನ ಹೇಳುವರಷ್ಟೆ. ಹಿಡಿದುಕೊಳ್ಳುವುದು ಕರೆಂಟಲ್ಲ, ಮುಷ್ಟಿ ಕಟ್ಟುವ ಸ್ನಾಯುಗಳು. ಬೆರಳು ಬಿಚ್ಚುವ ಸ್ನಾಯುಗಳಿಗಿಂತ ಅವು ಬಲಶಾಲಿಗಳಾದ್ದರಿಂದ ಎರಡೂ ಏಕಕಾಲದಲ್ಲಿ ಬಿಗಿದಾಗ ಮುಷ್ಟಿಯೇ ಗೆಲ್ಲುತ್ತದೆ. ಇನ್ನೂ ಮೇಲೆ, ಐವತ್ತು ನೂರು ಮಿಲಿ ಆಂಪೇರ್ ಎದೆಯ ಮೂಲಕ ಒಂದೆರಡು ಸೆಕೆಂಡು ಹರಿದರೆ, ಹೃದಯದ ಬಡಿತ ತಾಳ ತಪ್ಪಿ ಬರಿಯ ಅದುರಾಟವಾಗುತ್ತದೆ. ರಕ್ತ ಮುಂದೆ ಹೋಗುವುದಿಲ್ಲ.

ಈಗ ಓಮನ ನಿಯಮ. ಒಣಗಿದ ಚರ್ಮದ ರೋಧ ಹತ್ತಾರು ಸಾವಿರ ಓಮ್ ಇರಬಹುದು. 50,000 ಎಂದಿಟ್ಟುಕೊಂಡರೆ 230 ವೋಲ್ಟಿಗೆ ಐದು ಮಿಲಿ ಆಂಪೇರಿಗೂ ಕಡಮೆ. ಬೆಚ್ಚಿಬಿದ್ದು ಕೈ ಹಿಂತೆಗೆದುಕೊಳ್ಳುತ್ತೇವೆ. ಆದರೆ ಬೆವೆತ ಕೈ, ನೆನೆದ ಬರಿಗಾಲು, ಹಸಿ ಮಣ್ಣು ಈ ಮೂರೂ ಕೂಡಿದರೆ ಒಟ್ಟು ರೋಧ 1,000 ಓಮಿನ ಹತ್ತಿರಕ್ಕೆ ಇಳಿಯಬಹುದು. ಆಗ ಪ್ರವಾಹ 230 ಮಿಲಿ ಆಂಪೇರ್. ಮನೆ ಅದೇ, ತಂತಿ ಅದೇ, ಮನುಷ್ಯನೂ ಅವನೇ. ಪ್ರವಾಹ ಮಾತ್ರ ಐವತ್ತು ಪಟ್ಟು. 'ನನಗೆ ಎಷ್ಟೋ ಸಲ ಹೊಡೆದಿದೆ, ಏನೂ ಆಗಿಲ್ಲ' ಎಂದು ಜಂಬ ಕೊಚ್ಚಿಕೊಳ್ಳುವವರು ಎಲ್ಲ ಊರುಗಳಲ್ಲೂ ಸಿಕ್ಕುತ್ತಾರೆ. ಅವರಿಗೆ ಹೊಡೆದದ್ದೆಲ್ಲ ನಡುಮನೆಯ ಒಣ ನೆಲದ ಮೇಲೆ, ಚಪ್ಪಲಿ ಮೆಟ್ಟಿಕೊಂಡಿದ್ದಾಗ ಇರಬೇಕು.

ಫ್ಯೂಸು ಯಾರನ್ನು ಕಾಯುತ್ತದೆ?

ಹಳೆಯ ಮನೆಗಳ ಮೀಟರಿನ ಬಳಿ ಬಿಳಿಯ ಪಿಂಗಾಣಿಯ ಫ್ಯೂಸುಗಳು ಈಗಲೂ ಕಾಣಸಿಗುತ್ತವೆ. ಹೊಸ ಮನೆಗಳಲ್ಲಿ ಅವುಗಳ ಜಾಗದಲ್ಲಿ ಎಂ.ಸಿ.ಬಿ. ಎಂಬ, ತಾನಾಗಿ ಕೆಳಗೆ ಬೀಳುವ ಸ್ವಿಚ್ಚು ಬಂದಿದೆ. ಎರಡರ ಕರ್ತವ್ಯವೂ ಒಂದೇ: ಗೊತ್ತಾದ ಮಿತಿಯನ್ನು ಮೀರಿ ಪ್ರವಾಹ ಹರಿದರೆ ಮಾರ್ಗವನ್ನು ಕಡಿಯುವುದು. 5 ಆಂಪೇರಿನ ಫ್ಯೂಸು ಮನುಷ್ಯನ ಮೂಲಕ ಹರಿಯುವ ಕಾಲು ಆಂಪೇರಿಗೆ ಕರಗುವುದೆ? ಎಂದಿಗೂ ಇಲ್ಲ. ಹಿಂದಿನ ಕಾಲದ 60 ವಾಟಿನ ಒಂದು ಬಲ್ಬು ಅದಕ್ಕಿಂತ ತುಸು ಹೆಚ್ಚನ್ನೇ ಸೇವಿಸುತ್ತಿತ್ತು. ಫ್ಯೂಸಿನ ದೃಷ್ಟಿಯಲ್ಲಿ ಸಾಯುತ್ತಿರುವ ಮನುಷ್ಯ ಇನ್ನೊಂದು ಬಲ್ಬು, ಅಷ್ಟೆ. ಫ್ಯೂಸು ಕಾಯುವುದು ಗೋಡೆಯೊಳಗಣ ತಂತಿಯನ್ನು, ಅದರ ಮೂಲಕ ಮನೆಯನ್ನು, ಬೆಂಕಿಯಿಂದ, ಮುಟ್ಟಿದವನನ್ನಲ್ಲ.

ಆ ಕೆಲಸವನ್ನಾದರೂ ಅದು ಮಾಡಲು ಬಿಡುತ್ತೇವೆಯೆ? ಫ್ಯೂಸು ಪದೇ ಪದೇ ಹೋಗುತ್ತದೆಂದು ಬೇಸರಗೊಂಡು, ಕೈಗೆ ಸಿಕ್ಕ ತಾಮ್ರದ ಎಳೆಗಳನ್ನು ಹೊಸೆದು ಕಟ್ಟಿಬಿಡುವ ಪದ್ಧತಿ ಎಲ್ಲೆಲ್ಲೂ ಉಂಟು. ಇದರ ಫಲವನ್ನು ಲೆಕ್ಕಹಾಕಬಹುದು. ಒಂದೂವರೆ ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 0.0115 ಓಮ್. 15 ಆಂಪೇರ್ ಹರಿದಾಗ ಒಂದು ಮೀಟರ್ ತಂತಿಯಲ್ಲಿ ಹುಟ್ಟುವ ಶಾಖ ಸುಮಾರು 2.6 ವಾಟ್, ತಂತಿ ಬೆಚ್ಚಗಾಗುತ್ತದೆ, ಅಷ್ಟೆ. ದೋಷದಿಂದ 45 ಆಂಪೇರ್ ಹರಿಯತೊಡಗಿತೆನ್ನಿ. ಪ್ರವಾಹ ಮೂರು ಪಟ್ಟು. ಶಾಖವಾದರೋ ಮೂರರ ವರ್ಗ, ಒಂಬತ್ತು ಪಟ್ಟು, ಎಂದರೆ ಮೀಟರಿಗೆ 23 ವಾಟ್. ಒಂದು ಬೆಸುಗೆ ಕಡ್ಡಿಗೆ ಬೇಕಾಗುವಷ್ಟು ಶಾಖ ಗೋಡೆಯೊಳಗಿನ ಕೊಳವೆಯ ಪ್ರತಿ ಮೀಟರಿನಲ್ಲೂ ಹುಟ್ಟುತ್ತ ಹೋದರೆ ಹೊದಿಕೆ ಮೆತ್ತಗಾಗಿ, ಕರಗಿ, ಕಡೆಗೆ ಹತ್ತಿಕೊಳ್ಳುತ್ತದೆ. ಫ್ಯೂಸು ಹೋಗುವುದು ಒಂದು ಕಾಯಿಲೆಯ ಲಕ್ಷಣ. ಮೊದಲು ಯಾವ ಉಪಕರಣವನ್ನು ಹಾಕಿದಾಗ ಹೋಗುತ್ತದೆಂಬುದನ್ನು ಕಂಡುಕೊಂಡು, ಆಮೇಲೆ ಅದೇ ಆಂಪೇರಿನ ಫ್ಯೂಸ್ ತಂತಿಯನ್ನು ಕಟ್ಟಬೇಕು. ತಂತಿ ಸುತ್ತಿದ ರಟ್ಟಿನ ಬಿಲ್ಲೆ ಕೆಲವೇ ರೂಪಾಯಿಗಳಿಗೆ ಸಿಕ್ಕುವುದರಿಂದ ತಾಮ್ರದ ಎಳೆಗೆ ಯಾವ ನೆಪವೂ ಇಲ್ಲ.

ಮೂರನೆಯ ಕಡ್ಡಿ

ಪ್ಲಗ್ಗಿನ ಮೂರು ಕಡ್ಡಿಗಳಲ್ಲಿ ಮೇಲಿನದು ಮಿಕ್ಕೆರಡಕ್ಕಿಂತ ದಪ್ಪ, ಉದ್ದವೂ ಹೆಚ್ಚು. ಬೇರೆ ರಂಧ್ರದಲ್ಲಿ ತೂರದಿರಲೆಂದು ದಪ್ಪ. ಸಾಕೆಟ್ಟಿನೊಳಕ್ಕೆ ಎಲ್ಲಕ್ಕಿಂತ ಮೊದಲು ಸೇರಿ ಎಲ್ಲಕ್ಕಿಂತ ಕಡೆಗೆ ಬಿಡಲೆಂದು ಉದ್ದ. ಅದಕ್ಕೆ ಜೋಡಿಸಿದ ಹಸುರು ಅಥವಾ ಹಸುರು ಹಳದಿ ಪಟ್ಟೆಯ ಅರ್ತ್ ತಂತಿ ಒಂದು ಕಡೆ ಉಪಕರಣದ ಲೋಹದ ಮೈಯನ್ನೂ ಇನ್ನೊಂದು ಕಡೆ ಹಿತ್ತಿಲಲ್ಲಿ ಹೂಳಿದ ಕೊಳವೆಯನ್ನೂ ಕೂಡಿಸುತ್ತದೆ. ಇಸ್ತ್ರಿ ಪೆಟ್ಟಿಗೆಯೊಳಗೆ ಫೇಸ್ ತಂತಿ ಕಳಚಿ ಲೋಹಕ್ಕೆ ತಾಗಿದರೆ, ಪ್ರವಾಹ ಈ ದಾರಿಯಲ್ಲಿ ಮಣ್ಣಿಗಿಳಿದು ಟ್ರಾನ್ಸ್‌ಫಾರ್ಮರಿಗೆ ಹಿಂದಿರುಗಬೇಕು. ಆ ಪ್ರವಾಹ ಹೆಚ್ಚಾಗಿದ್ದು ಫ್ಯೂಸು ಹೋಗಬೇಕು. ಇದು ಯೋಜನೆ. ಕಾರ್ಯಗತವಾಗುವುದೋ ಇಲ್ಲವೋ ಎಂಬುದು ಮಣ್ಣಿನ ಕೈಯಲ್ಲಿದೆ.

ಸುಮಾರು ಎರಡೂವರೆ ಮೀಟರ್ ಉದ್ದದ, 40 ಮಿಲಿಮೀಟರ್ ವ್ಯಾಸದ ಕೊಳವೆಯನ್ನು ನೆಟ್ಟರೆ ಅದರ ನೆಲಸಂಪರ್ಕದ ರೋಧ, ಓಮ್-ಮೀಟರುಗಳಲ್ಲಿ ಅಳೆದ ಮಣ್ಣಿನ ವಿಶಿಷ್ಟ ರೋಧದ ಮೂರರಲ್ಲೊಂದು ಭಾಗದಷ್ಟಿರುತ್ತದೆಂದು ಗಣಿತದಿಂದ ತೋರಿಸಬಹುದು. ಹಸಿಯಾದ ಜೇಡಿಮಣ್ಣಿಗೆ ಅದು 30 ಇದ್ದರೆ ಕೊಳವೆಯ ರೋಧ 10 ಓಮ್. ಟ್ರಾನ್ಸ್‌ಫಾರ್ಮರಿನ ಕಡೆಯದು 5 ಓಮ್ ಎಂದು ಕೂಡಿಸಿದರೆ 15. ಪ್ರವಾಹ 15 ಆಂಪೇರಿಗಿಂತ ತುಸು ಹೆಚ್ಚು. 5 ಆಂಪೇರಿನ ಫ್ಯೂಸು ತತ್‌ಕ್ಷಣ ಹೋಗುತ್ತದೆ. ಈಗ ಅದೇ ಹಿತ್ತಿಲನ್ನು ಏಪ್ರಿಲಿನಲ್ಲಿ ನೋಡಿ. ಮಣ್ಣು ಒಣಗಿ ವಿಶಿಷ್ಟ ರೋಧ 300ಕ್ಕೆ ಏರಿದರೆ ಕೊಳವೆಯ ರೋಧ 100 ಓಮ್, ಒಟ್ಟು 105, ಪ್ರವಾಹ 2.2 ಆಂಪೇರ್. ಯಾವ ಫ್ಯೂಸೂ ಹೋಗುವುದಿಲ್ಲ. ಇಸ್ತ್ರಿ ಪೆಟ್ಟಿಗೆಯ ಮೈ ಸುಮಾರು 220 ವೋಲ್ಟಿನಲ್ಲಿ ನಿಂತು, ಮುಟ್ಟುವವರ ಹಾದಿ ಕಾಯುತ್ತದೆ. ಮನೆಯ ಎಲ್ಲ ಅರ್ತ್ ತಂತಿಗಳೂ ಒಂದಕ್ಕೊಂದು ಕೂಡಿರುವುದರಿಂದ, ಇಸ್ತ್ರಿಯ ದೋಷಕ್ಕಾಗಿ ಬಚ್ಚಲುಮನೆಯ ನೀರು ಕಾಯಿಸುವ ಗೀಸರು ಹೊಡೆಯುವುದೂ ಉಂಟು! ದಿನಕ್ಕೆ ಹನ್ನೆರಡು ಯೂನಿಟ್ ವಿದ್ಯುತ್ತು ಮಣ್ಣನ್ನು ಕಾಯಿಸಲು ವ್ಯಯವಾಗುತ್ತದೆ; ಕಾದ ಮಣ್ಣು ಇನ್ನಷ್ಟು ಒಣಗುತ್ತದೆ.

ಅರ್ತ್ ಗುಂಡಿಗೆ ಬೇಸಗೆಯಲ್ಲಿ ನೀರು ಹಾಕಬೇಕೆಂದು ಹಿರಿಯ ಕೆಲಸಗಾರರು ಹೇಳುವುದರ ಅರ್ಥವಿದು. ಎರಡು ಬಿಂದಿಗೆ ನೀರಿನಿಂದ ಇಡೀ ಭೂಮಿಯ ರೋಧ ಇಳಿಯುವುದೆ ಎಂದು ನಗುವವರುಂಟು. ಇಡೀ ಭೂಮಿಯದು ಇಳಿಯಬೇಕಾಗಿಲ್ಲ. ಕೊಳವೆಯಿಂದ ಹೊರಟ ಪ್ರವಾಹ ಎಲ್ಲ ದಿಕ್ಕುಗಳಿಗೂ ಹರಡುತ್ತ ಹೋಗುತ್ತದೆ. ದೂರ ಹೋದಂತೆಲ್ಲ ಅದಕ್ಕೆ ದೊರೆಯುವ ಮಣ್ಣಿನ ವಿಸ್ತಾರ ಬೆಳೆಯುತ್ತದೆ. ಆದುದರಿಂದ ಒಟ್ಟು ರೋಧದಲ್ಲಿ ಬಹುಪಾಲು ಕೊಳವೆಯ ಸುತ್ತಣ ಕೆಲವೇ ಅಡಿಗಳ ಮಣ್ಣಿನದು. ಅಷ್ಟು ಮಣ್ಣನ್ನು ಹಸಿಯಾಗಿಟ್ಟರೆ ಸಾಕು. ಗುಂಡಿಗೆ ಇದ್ದಲು, ಉಪ್ಪು ತುಂಬುವುದೂ ಇದಕ್ಕಾಗಿಯೇ: ಇದ್ದಲು ತೇವವನ್ನು ಹಿಡಿದಿಡುತ್ತದೆ, ಉಪ್ಪು ಕರಗಿ ನೀರನ್ನು ಒಳ್ಳೆಯ ವಾಹಕವಾಗಿಸುತ್ತದೆ. ಆದರೆ ಉಪ್ಪು ಮಳೆಗೆ ತೊಳೆದುಹೋಗುತ್ತದೆ, ಕೊಳವೆಯನ್ನು ತುಕ್ಕು ಹಿಡಿಸುತ್ತದೆ, ಗಿಡಗಳ ಬೇರಿಗೂ ಹಿತವಲ್ಲ. ಗುಲಾಬಿಯನ್ನೋ ಹುರುಳಿಕಾಯಿಯನ್ನೋ ಗುಂಡಿಯ ಪಕ್ಕದಲ್ಲಿ ನೆಟ್ಟು, ಏಳಿಗೆಯಾಗಲಿಲ್ಲವೆಂದು ಗೊಬ್ಬರದ ಅಂಗಡಿಯವನನ್ನು ಬಯ್ಯಬಾರದು. ನೀರನ್ನು ಹೀರಿ ಉಬ್ಬುವ ಬೆಂಟೊನೈಟ್ ಎಂಬ ಜೇಡಿಯನ್ನು ಈಗ ಹಲವೆಡೆ ಉಪ್ಪಿಗೆ ಬದಲಾಗಿ ಬಳಸುತ್ತಾರೆ. ಗುಂಡಿಯನ್ನು ಸಿಮೆಂಟಿನಿಂದ ಮುಚ್ಚಿ, ಎಲ್ಲಿದೆಯೆಂಬುದನ್ನೇ ಮರೆತ ಮನೆಗಳು ನಮ್ಮ ಪಟ್ಟಣಗಳಲ್ಲಿ ಬೇಕಾದಷ್ಟಿವೆ. ನಿಮ್ಮ ಮನೆಯದು ಎಲ್ಲಿದೆ ಎಂದು ಈ ವಾರವೇ ಹುಡುಕಿ ನೋಡಿ. ಮನೆಗೆ ಬರುವ ಕೆಲಸಗಾರರಿಂದ ಅದರ ರೋಧವನ್ನು ಉಪಕರಣದ ಮೂಲಕ ಅಳೆಸಿಕೊಳ್ಳುವುದು ಇನ್ನೂ ಒಳ್ಳೆಯದು.

ಮಣ್ಣಿನ ಮರ್ಜಿಯನ್ನು ಇಷ್ಟಾಗಿ ಆಶ್ರಯಿಸದ ರಕ್ಷಣೆಯೊಂದುಂಟು. ಡಾಲ್ಜಿಯೆಲರೇ 1961ರಲ್ಲಿ ಅದರ ಒಂದು ರೂಪವನ್ನು ರಚಿಸಿದರು. ನಮ್ಮಲ್ಲಿ ಅದೇ ವರ್ಗದ ಸಾಧನಕ್ಕೆ ಆರ್.ಸಿ.ಸಿ.ಬಿ. ಎಂದು ಹೆಸರು. ಫೇಸ್, ನ್ಯೂಟ್ರಲ್ ತಂತಿಗಳೆರಡನ್ನೂ ಒಂದು ಕಬ್ಬಿಣಜಾತಿಯ ಉಂಗುರದೊಳಗಿನಿಂದ ಹಾಯಿಸಿರುತ್ತಾರೆ. ಹೋದಷ್ಟೇ ಪ್ರವಾಹ ಹಿಂದಿರುಗುತ್ತಿದ್ದರೆ ಅವುಗಳ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಒಂದಿಷ್ಟು ಪ್ರವಾಹ ಯಾರದಾದರೂ ದೇಹದ ಮೂಲಕ ಮಣ್ಣಿಗೆ ಸೋರಿದರೆ ಲೆಕ್ಕ ಸರಿಹೋಗುವುದಿಲ್ಲ. ಉಳಿದ ಕಾಂತಕ್ಷೇತ್ರ ಉಂಗುರದ ಮೇಲಿನ ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸಿ ಸ್ವಿಚ್ಚನ್ನು ಬೀಳಿಸುತ್ತದೆ. ಮನೆಗಳಿಗೆ ಹಾಕುವುದು 30 ಮಿಲಿ ಆಂಪೇರಿನದು. ಅಷ್ಟು ಸೋರಿದರೆ ಸೆಕೆಂಡಿನ ಮೂರರಲ್ಲೊಂದು ಭಾಗದೊಳಗೆ ಕಡಿಯುತ್ತದೆ. ಹೊಡೆತ ತಪ್ಪುವುದಿಲ್ಲ, ಬಹುಮಟ್ಟಿಗೆ ಸಾವು ತಪ್ಪುತ್ತದೆ. ಆದರೆ ಒಂದು ಕೈಯಲ್ಲಿ ಫೇಸನ್ನೂ ಇನ್ನೊಂದರಲ್ಲಿ ನ್ಯೂಟ್ರಲನ್ನೂ ಹಿಡಿದವನು ಈ ಸಾಧನಕ್ಕೂ ಬರಿಯ ಬಲ್ಬೇ. ಅದರ ಮೇಲೆ ಪರೀಕ್ಷೆಯ ಗುಂಡಿಯೊಂದಿರುತ್ತದೆ. ತಿಂಗಳಿಗೊಮ್ಮೆಯಾದರೂ ಒತ್ತಿ, ಬೀಳುವುದೆ ಎಂದು ನೋಡಬೇಕು.

ಕೆಲಸದ ಕ್ರಮ

ಪ್ಲಗ್ಗನ್ನು ಬದಲಾಯಿಸುವುದು ಅತಿ ಸುಲಭವಾದದ್ದು, ಅತಿ ಹೆಚ್ಚು ಕೆಡಿಸಲ್ಪಡುವುದೂ ಅದೇ. ಹಳೆಯ ಮನೆಗಳ ತಂತಿಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಈಚಿನ ಉಪಕರಣಗಳ ಬಳ್ಳಿಗಳಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ಅರ್ತ್ ಕಡ್ಡಿ ಮೇಲಿರುವಂತೆ ಸಾಕೆಟ್ಟನ್ನು ಎದುರಿನಿಂದ ನೋಡಿದರೆ ಬಲಗಡೆಯದು ಫೇಸ್. ಪ್ಲಗ್ಗನ್ನು ಬಿಚ್ಚಿ ಒಳಗಿನಿಂದ ನೋಡುವಾಗ ಎಡಬಲಗಳು ಅದಲುಬದಲಾಗಬಹುದಾದ್ದರಿಂದ ಒಳಗೆ ಅಚ್ಚಾಗಿರುವ ಅಕ್ಷರಗಳನ್ನು ನಂಬುವುದು ಮೇಲು. ಒಳಗೆ ಅರ್ತ್ ತಂತಿಯನ್ನು ಮಿಕ್ಕೆರಡಕ್ಕಿಂತ ಒಂದೆರಡು ಸೆಂಟಿಮೀಟರ್ ಉದ್ದವಾಗಿ, ಸಡಿಲವಾಗಿ ಬಿಡಬೇಕು. ಯಾರಾದರೂ ಬಳ್ಳಿಯನ್ನು ಜಗ್ಗಿದರೆ ಮೊದಲು ಫೇಸ್ ಕಳಚಿಕೊಳ್ಳಲಿ, ಅರ್ತ್ ಕಟ್ಟಕಡೆಗೆ ಕಳಚಲಿ ಎಂಬ ಮುಂದಾಲೋಚನೆಯಿದು. ಬಳ್ಳಿಯ ಹೊರಹೊದಿಕೆ ಪ್ಲಗ್ಗಿನ ಹಿಡಿಕೆಯೊಳಗೆ ಬಿಗಿಯಾಗಿ ಕೂರಬೇಕು. ಮೂರು ಕಡ್ಡಿಯ ಉಪಕರಣಕ್ಕೆ ಎರಡು ಕಡ್ಡಿಯ ಪ್ಲಗ್ಗನ್ನು ಹಾಕಿ ಅರ್ತ್ ತಂತಿಯನ್ನು ಕತ್ತರಿಸಿಬಿಡುವುದಕ್ಕೆ ಮಾತ್ರ ನಮ್ಮಲ್ಲಿ ಯಾವ ಕ್ಷಮೆಯೂ ಇಲ್ಲ.

ಹೋಲ್ಡರನ್ನೋ ಸ್ವಿಚ್ಚನ್ನೋ ಬಿಚ್ಚುವಾಗ ಮೇನ್ ಸ್ವಿಚ್ಚನ್ನೇ ಆರಿಸಬೇಕು, ಕೋಣೆಯ ಸ್ವಿಚ್ಚನ್ನಲ್ಲ. ಹಿಂದೆ ತಂತಿ ಎಳೆದವನು ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲಿನಲ್ಲಿ ಕೂರಿಸಿದ್ದರೆ, ಆರಿಸಿದ ದೀಪದ ಹೋಲ್ಡರಿನಲ್ಲಿಯೂ 230 ವೋಲ್ಟು ಉಳಿದಿರುತ್ತದೆ. ಇನ್ನು ಟೆಸ್ಟರು. ಅದರೊಳಗೆ ಒಂದು ಪುಟ್ಟ ನಿಯಾನ್ ದೀಪವೂ ಸುಮಾರು ಹತ್ತು ಲಕ್ಷ ಓಮಿನ ರೋಧಕವೂ ಇವೆ. ನಮ್ಮ ಬೆರಳಿನ ಮೂಲಕ ಹರಿಯುವ ಪ್ರವಾಹ ಒಂದು ಮಿಲಿ ಆಂಪೇರಿನ ಕಾಲುಭಾಗವೂ ಇಲ್ಲದ್ದರಿಂದ ತಿಳಿಯುವುದಿಲ್ಲ. ಒಳ್ಳೆಯ ಸಾಧನ, ಆದರೆ ಮೋಸವನ್ನೂ ಮಾಡುತ್ತದೆ. ಬಿಸಿಲಿನಲ್ಲಿ ಅದರ ಬೆಳಕು ಕಾಣುವುದಿಲ್ಲ. ಒಣ ಮರದ ಏಣಿಯ ಮೇಲೆ ನಿಂತವನ ಕೈಯಲ್ಲಿ ಮಂಕಾಗಿ ಉರಿಯುತ್ತದೆ. ಆದ್ದರಿಂದ ಮೊದಲು ವಿದ್ಯುತ್ತಿದೆಯೆಂದು ಖಚಿತವಾಗಿ ಗೊತ್ತಿರುವ ಸಾಕೆಟ್ಟಿನಲ್ಲಿ ಅದನ್ನು ಪರೀಕ್ಷಿಸಿ, ಆಮೇಲೆ ಕೆಲಸದ ಜಾಗದಲ್ಲಿಟ್ಟು ನೋಡಬೇಕು. ಇನ್ನೊಂದು ವಿಚಿತ್ರ: ಕೆಲವೊಮ್ಮೆ ದೀಪ ಉರಿಯದಿದ್ದರೂ ಟೆಸ್ಟರು ಎರಡು ತಂತಿಗಳಲ್ಲೂ ಬೆಳಗುತ್ತದೆ. ಎಲ್ಲೋ ನ್ಯೂಟ್ರಲ್ ತುಂಡಾಗಿದೆ. ಫೇಸಿನ ವೋಲ್ಟೇಜು ಹಾಕಿಟ್ಟ ಉಪಕರಣದ ಮೂಲಕ ದಾಟಿ ನ್ಯೂಟ್ರಲಿನ ತುಂಡಿನವರೆಗೆ ಬಂದು ನಿಂತಿದೆ. ಇದು ಕಂಡರೆ ಸ್ಕ್ರೂಡ್ರೈವರನ್ನು ಕೆಳಗಿಟ್ಟು, ಪರವಾನಗಿಯುಳ್ಳವರಿಗೆ ಹೇಳಿಕಳುಹಿಸುವುದೇ ಸರಿ.

ನಿಧಾನವಾದ ಫ್ಯಾನಿನಲ್ಲಿ ಹೆಚ್ಚಾಗಿ ಕೆಟ್ಟಿರುವುದು ಕೆಪ್ಯಾಸಿಟರು. ಫ್ಯಾನಿನ ಎರಡು ಸುರುಳಿಗಳಲ್ಲಿ ಒಂದರ ಪ್ರವಾಹವನ್ನು ಮುಂದಕ್ಕೆ ತಳ್ಳಿ ತಿರುಗುವ ಕಾಂತಕ್ಷೇತ್ರವನ್ನು ಹುಟ್ಟಿಸುವುದು ಅದರ ಕೆಲಸ. ವಯಸ್ಸಾದಂತೆ ಅದರ ಧಾರಣೆ ಕುಗ್ಗಿ ಫ್ಯಾನಿಗೆ ಬಲ ಸಾಲದಾಗುತ್ತದೆ. ಮೈಮೇಲೆ ಅಚ್ಚಾಗಿರುವ ಮೈಕ್ರೋಫ್ಯಾರಡ್, ವೋಲ್ಟುಗಳನ್ನು ನೋಡಿ ಅಂತಹುದನ್ನೇ ತರಬೇಕು. ಸಾಮಾನ್ಯವಾಗಿ ಎರಡೂವರೆ ಮೈಕ್ರೋಫ್ಯಾರಡಿನದು. ಮೇನ್ ಆರಿಸಿದ ಮೇಲೂ ಕೆಪ್ಯಾಸಿಟರಿನಲ್ಲಿ ವಿದ್ಯುತ್ತು ನಿಂತಿರಬಹುದು. ಒಳ್ಳೆಯ ಹಿಡಿಯುಳ್ಳ ಸ್ಕ್ರೂಡ್ರೈವರಿನ ಲೋಹದ ಭಾಗದಿಂದ ಅದರ ಎರಡು ತುದಿಗಳನ್ನೂ ಸೋಕಿಸಿ ಖಾಲಿಮಾಡಿದ ಮೇಲೆಯೇ ಬೆರಳಿಡಬೇಕು. ಏಣಿಯ ಮೇಲೆ ನಿಂತವನಿಗೆ ಹೊಡೆತಕ್ಕಿಂತ ಬೆಚ್ಚಿ ಬೀಳುವುದೇ ಹೆಚ್ಚು ಕೇಡು.

ಹಿತ್ತಿಲಿಗೆ ಬಂದಾಗ

ಮೇಲಿನ ಲೆಕ್ಕಗಳನ್ನು ಕೈಯಲ್ಲಿ ಹಿಡಿದು ಹಿತ್ತಿಲಿಗೆ ಬಂದರೆ ಅಲ್ಲಿನ ಪ್ರತಿಯೊಂದು ವಸ್ತುವೂ ಬೇರೆಯಾಗಿ ಕಾಣುತ್ತದೆ. ನೀರು ಹಾಯಿಸುತ್ತಿರುವಾಗ ಪಂಪನ್ನು ಮುಟ್ಟಿ ನೋಡುವ ಚಪಲವನ್ನು ಬಿಡಬೇಕು. ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ಆಮೇಲೆ ಮುಟ್ಟುವುದು. ಪಂಪಿನ ಬಳ್ಳಿಗೆ ನಡುವೆ ಗಂಟು ಹಾಕಿ ಟೇಪು ಸುತ್ತಿ, ಕೆಸರಿನಲ್ಲಿ ಎಳೆದಾಡಿಸುವುದು ಸಾಮಾನ್ಯ ನೋಟ. ಸುತ್ತಿದ ಟೇಪು ನೀರನ್ನು ತಡೆಯುವುದಿಲ್ಲ. ಗಿಡಗಳ ನಡುವೆ ಅಲಂಕಾರದ ದೀಪ ಬೇಕಾದರೆ 12 ವೋಲ್ಟಿನದೋ ಸೂರ್ಯನ ಬೆಳಕಿನಿಂದ ನಡೆಯುವುದೋ ಇರಲಿ.

ತೆಂಗು, ಮಾವು, ನುಗ್ಗೆಗಳನ್ನು ಕೀಳುವ ದೋಟಿ ಹಿಂದೆ ಬಿದಿರಿನದಾಗಿತ್ತು. ಈಗ ಹಗುರವೆಂದು ಅಲ್ಯೂಮಿನಿಯಂ ಕೊಳವೆಯದು ಬಂದಿದೆ. ಮರದ ಮೇಲಿಂದಲೋ ಮಹಡಿಯ ಮೇಲಿಂದಲೋ ಎತ್ತಿದ ದೋಟಿ 11,000 ವೋಲ್ಟಿನ ತಂತಿಗೆ ತಗಲಿದರೆ ಆರ್.ಸಿ.ಸಿ.ಬಿ.ಯೂ ಇಲ್ಲ, ಫ್ಯೂಸೂ ಇಲ್ಲ. ಅವೆಲ್ಲ ಮನೆಯೊಳಗಿನ ಮಾತು. ಹಸಿ ಬಿದಿರು ಕೂಡ ಅಷ್ಟು ವೋಲ್ಟೇಜಿಗೆ ವಾಹಕವೇ. ತಂತಿಗೆ ಬಾಗಿದ ಕೊಂಬೆಯನ್ನು ಕಡಿಯುವುದು ವಿದ್ಯುತ್ ಸರಬರಾಜು ಕಂಪನಿಯವರ ಕೆಲಸ. ಮಾರ್ಗವನ್ನು ಆರಿಸಿ ಕಡಿಯುವುದು ಅವರಿಗೆ ಮಾತ್ರ ಸಾಧ್ಯ. ಬಟ್ಟೆ ಒಣಹಾಕಲು ಕಬ್ಬಿಣದ ತಂತಿಯನ್ನು ಗೋಡೆಯಿಂದ ಕಂಬಕ್ಕೆ ಕಟ್ಟುವುದು ಇನ್ನೊಂದು ಅಭ್ಯಾಸ. ಮನೆಗೆ ಬರುವ ವಿದ್ಯುತ್ ತಂತಿಯ ಹೊದಿಕೆ ಎಲ್ಲೋ ಸವೆದು ಅದಕ್ಕೆ ತಾಗಿತೆನ್ನಿ; ನೆನೆದ ಬಟ್ಟೆ, ನೆನೆದ ಕೈ, ಹಸಿ ನೆಲ. ಒಬ್ಬರು ಬಿದ್ದರೆ ಬಿಡಿಸಲು ಹೋದ ಇನ್ನೊಬ್ಬರೂ ಬೀಳುತ್ತಾರೆ. ಅಲ್ಲಿ ನೈಲಾನ್ ಹಗ್ಗ ಕಟ್ಟಿದರೆ ಈ ಕಥೆಯೇ ಇಲ್ಲ.

ಹಂದಿಗಳ, ಆನೆಗಳ ಕಾಟಕ್ಕೆ ಬೇಲಿಗೆ ನೇರವಾಗಿ ಮನೆಯ ವಿದ್ಯುತ್ತನ್ನು ಕೊಡುವುದು ಕಾನೂನಿನಲ್ಲಿ ಅಪರಾಧ. ಅದರಿಂದ ಆನೆಗಳೂ ಸತ್ತಿವೆ, ಬೇಲಿ ಕಟ್ಟಿದವರ ಮನೆಯವರೇ ಸತ್ತದ್ದೂ ಉಂಟು. ಸೌರ ಬೇಲಿಯಲ್ಲಿ ಹಲವು ಸಾವಿರ ವೋಲ್ಟು ಇದ್ದರೂ ಕೊಲ್ಲುವುದಿಲ್ಲವೇಕೆ ಎಂದು ಕೇಳಬಹುದು. ಅದು ಸೆಕೆಂಡಿಗೊಮ್ಮೆ, ಅದರ ಅತ್ಯಲ್ಪ ಭಾಗದಷ್ಟು ಕಾಲ ಮಾತ್ರ ಮಿಡಿಯುತ್ತದೆ. ಪ್ರತಿ ಮಿಡಿತದ ಶಕ್ತಿಗೆ ಮಿತಿಯಿದೆ. ನಡುವೆ ಸ್ನಾಯು ಸಡಿಲಗೊಂಡು ಬಿಡಿಸಿಕೊಳ್ಳಲು ಸಮಯ ಸಿಕ್ಕುತ್ತದೆ. ಮನೆಯ ವಿದ್ಯುತ್ತು ಹಾಗೆ ಬಿಡುವು ಕೊಡುವುದಿಲ್ಲ.

ಮಳೆಗಾಲದಲ್ಲಿ ತುಂಡಾಗಿ ಬಿದ್ದ ತಂತಿಯ ಸುತ್ತ ನೆಲದಲ್ಲಿಯೇ ವೋಲ್ಟೇಜು ಹರಡಿರುತ್ತದೆ, ಹತ್ತಿರ ಹೆಚ್ಚು, ದೂರಕ್ಕೆ ಕಡಮೆ. ಹೆಜ್ಜೆ ಅಗಲಿಸಿದವನ ಎರಡು ಕಾಲುಗಳಿಗೂ ಬೇರೆ ಬೇರೆ ವೋಲ್ಟೇಜು ಸಿಕ್ಕಿ ಪ್ರವಾಹ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ದನಗಳು ಇದಕ್ಕೆ ಬೇಗ ಬಲಿಯಾಗುತ್ತವೆ. ಅವುಗಳ ಮುಂಗಾಲಿಗೂ ಹಿಂಗಾಲಿಗೂ ದೂರ ಹೆಚ್ಚು, ನಡುವೆ ಹೃದಯವಿದೆ. ಅಂತಹ ಕಡೆ ಸಿಕ್ಕಿಕೊಂಡವರು ಪಾದಗಳನ್ನು ಜೋಡಿಸಿಕೊಂಡು, ನೆಲದಿಂದ ಎತ್ತದೆ, ತುಸುತುಸುವಾಗಿ ಸರಿದು ದೂರ ಬರಬೇಕು.

ಮನೆಯಲ್ಲಿ ಯಾರಿಗಾದರೂ ಹೊಡೆತ ತಗಲಿ ಅಂಟಿಕೊಂಡಿದ್ದರೆ ಅವರನ್ನು ಬರಿಗೈಯಿಂದ ಎಳೆಯಕೂಡದು. ಮೊದಲು ಮೇನ್ ಆರಿಸುವುದು. ಆಗದಿದ್ದರೆ ಒಣಗಿದ ಮರದ ಹಲಗೆಯ ಮೇಲೆ ನಿಂತು, ಒಣ ಕೋಲಿನಿಂದ ತಂತಿಯನ್ನು ಸರಿಸುವುದು. ಇದು ಮನೆಯ 230 ವೋಲ್ಟಿಗೆ ಮಾತ್ರ. ಬೀದಿಯ ಹೈಟೆನ್ಷನ್ ತಂತಿಯಾದರೆ ವಿದ್ಯುತ್ತು ನಿಂತಿತೆಂದು ಖಚಿತವಾಗುವವರೆಗೆ ಹತ್ತಿರವೇ ಹೋಗಬಾರದು. ಬಿಡಿಸಿದ ಮೇಲೆ ಎಚ್ಚರವಿಲ್ಲದೆ, ಉಸಿರಾಟ ಸರಿಯಾಗಿಲ್ಲದಿದ್ದರೆ, ಒಬ್ಬರು 108ಕ್ಕೋ 112ಕ್ಕೋ ಕರೆಮಾಡಲಿ. ಇನ್ನೊಬ್ಬರು ಎದೆಯ ನಡುವೆ ಎರಡು ಅಂಗೈಗಳನ್ನೂ ಒಂದರ ಮೇಲೊಂದಿಟ್ಟು, ಐದು ಸೆಂಟಿಮೀಟರಿನಷ್ಟು ಒಳಕ್ಕೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತುತ್ತಿರಲಿ. ಆಂಬುಲೆನ್ಸು ಬರುವವರೆಗೆ ನಿಲ್ಲಿಸಬಾರದು. ದಣಿದರೆ ಕೈ ಬದಲಾಯಿಸಿಕೊಳ್ಳಬಹುದು. ತಾನಾಗಿ ಎದ್ದು ಕುಳಿತು 'ಏನೂ ಆಗಿಲ್ಲ' ಎಂದವರನ್ನೂ ಅಂದೇ ವೈದ್ಯರಿಗೆ ತೋರಿಸಿ ಹೃದಯದ ಪರೀಕ್ಷೆ ಮಾಡಿಸಬೇಕು.